ಶ್ರೀಲಂಕಾದಿಂದ ನಮ್ಮ ಸೈನ್ಯ ಹಂತ ಹಂತವಾಗಿ ವಾಪಸ್ ಬಂತು, ಅಲ್ಲಿ ನಮ್ಮನ್ನು ನಂಬಿದವರ ಗತಿ ಏನಾಯಿತು?

ಹಾರಂಗಿ_ದಂಡೆ ಕೇಳಿದ್ದು:

ನಮ್ಮ ಚಿಕ್ಕಪ್ಪ ಸೈನ್ಯದಲ್ಲಿದ್ದರು. 1988ರ ಕೊನೆಯಿಂದ 1989ರ ಡಿಸೆಂಬರ್ ತನಕ ಶ್ರೀಲಂಕಾದಲ್ಲಿ, ಬಟ್ಟಿಕಲೋವಾ ಕಡೆ ಇದ್ದರು ಅನ್ನೋದು ಬಿಟ್ಟರೆ ನಮಗೆ ಏನೂ ಗೊತ್ತಿರಲಿಲ್ಲ. ಅವರು ಅದರ ಬಗ್ಗೆ ಮಾತಾಡೋದೇ ಇಲ್ಲ. ಈ ಮಳೆಗಾಲದಲ್ಲಿ ಅಟ್ಟ ಸೋರಿತು ಅಂತ ಅವರ ಹಸಿರು ಟ್ರಂಕನ್ನು ಕೆಳಗಿಳಿಸಿದೆವು. ಒಳಗೆ ಒಂದು ವಿದೇಶ್ ಸೇವಾ ಮೆಡಲ್ ಇತ್ತು, ರಿಬ್ಬನ್ನಿನ ಮೇಲೆ ಶ್ರೀಲಂಕಾ ಅಂತ ಸಣ್ಣ ಪಟ್ಟಿ. ಅದರ ಕೆಳಗೆ ಅಜ್ಜಿಗೆ ಬರೆದ ಇನ್‌ಲ್ಯಾಂಡ್ ಪತ್ರಗಳ ಒಂದು ಕಟ್ಟು. ವಿಳಾಸದ ಜಾಗದಲ್ಲಿ ಊರಿಲ್ಲ, ಬರೀ 'ಕೇರಾಫ್ 56 ಎಪಿಒ', ಸೈನ್ಯದ ಅಂಚೆಯ ವಿಳಾಸ.

1989ರ ನವೆಂಬರ್ ಪತ್ರದ ಒಂದು ಭಾಗ ಹಾಗೇ ಬರೆಯುತ್ತೇನೆ, ಅಜ್ಜಿ ಅದನ್ನು ಎಷ್ಟು ಸಲ ಮಡಚಿ ಬಿಚ್ಚಿದ್ದಾರೋ, ಮಡಿಕೆಯಲ್ಲಿ ಅಕ್ಷರ ಅಳಿಸಿಹೋಗಿದೆ: "ಅಂಪಾರೆ ಖಾಲಿಯಾಯಿತು. ಇನ್ನು ನಮ್ಮ ಸರದಿ. ಕ್ಯಾಂಪಿನ ಎದುರು ಚಹಾ ಅಂಗಡಿ ಇಟ್ಟಿರುವ ಹೆಂಗಸು ದಿನಾ ಕೇಳುತ್ತಾಳೆ, ನೀಂಗಳುಂ ಪೋರೀಂಗಳಾ, ನೀವೂ ಹೋಗ್ತೀರಾ ಅಂತ. ಅವಳ ಮಗನನ್ನು ನಮ್ಮ ಕಡೆಯ ಪಾರ್ಟಿಯವರು ಪಡೆಗೆ ಎಳೆದುಕೊಂಡು ಹೋಗಿದ್ದಾರೆ. ಹದಿನೇಳು ವರ್ಷ ಅಷ್ಟೆ. ನೀವು ಹೋದ ಮೇಲೆ ಅವನನ್ನು ಯಾರು ಕಾಯ್ತಾರೆ ಅಂತ ಕೇಳ್ತಾಳೆ. ನನ್ನ ಹತ್ತಿರ ಉತ್ತರ ಇಲ್ಲ ಅವ್ವ."

ಇದನ್ನು ಓದಿದ ಮೇಲೆ ನನಗೆ ನಿದ್ದೆ ಬಂದಿಲ್ಲ. ಹೋಗಬೇಕು ಅಂತ ತೀರ್ಮಾನ ಆದ ಮೇಲೆ ಒಂದೇ ಸಲ ಬರದೆ, ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪ ಬಂದದ್ದು ಯಾಕೆ? ಆ ಹುಡುಗನಂಥವರು ಏನಾದರು? ಗೊತ್ತಿರುವವರು ಬಿಡಿಸಿ ಹೇಳಿ.

ಹಳೇ_ಸ್ಯಾಪರ್ ಉತ್ತರ:

ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದವನು ನಾನು, ಸೈನ್ಯದ ಎಂಜಿನಿಯರ್ ದಳ ಅದು. ಟ್ರೇನಿಂಗ್ ಬೆಂಗಳೂರಿನ ಹಲಸೂರಿನಲ್ಲಿ. ಲಂಕಾದಲ್ಲಿ ಹದಿನಾಲ್ಕು ತಿಂಗಳು, ಹೆಚ್ಚಿನದು ಪೂರ್ವದ ಕಡೆ. ನಿಮ್ಮ ಚಿಕ್ಕಪ್ಪ ಯಾಕೆ ಮಾತಾಡಲ್ಲ ಅಂತ ನನಗೆ ಗೊತ್ತು. ಅವರನ್ನು ಒತ್ತಾಯ ಮಾಡಬೇಡಿ.

ಒಂದೇ ಸಲ ಯಾಕೆ ಬರಲಿಲ್ಲ ಅಂದರೆ, ಬರೋಕೆ ಆಗೋದೇ ಇಲ್ಲ. ಒಂದು ಹೊತ್ತಿನಲ್ಲಿ ಅಲ್ಲಿ ಎಪ್ಪತ್ತು ಸಾವಿರಕ್ಕೂ ಜಾಸ್ತಿ ಜನ ಇದ್ದೆವು, ನಾಲ್ಕು ಡಿವಿಷನ್. ಇರೋದು ದ್ವೀಪ. ಹಡಗು ಬರಬೇಕು, ಹಡಗಿನ ತನಕ ರಸ್ತೆ ತೆರೆದಿರಬೇಕು. ರಸ್ತೆ ತೆರೆಯೋದು ಅಂದರೆ ಏನು ಅಂತ ಹೇಳ್ತೀನಿ ಕೇಳಿ. ಬೆಳಗಿನ ಜಾವ ಎದ್ದು, ವಾಹನ ಓಡೋಕೆ ಮುಂಚೆ, ನಡೆದುಕೊಂಡೇ ಹೋಗಬೇಕು. ಒಬ್ಬನ ಕೈಲಿ ಡಿಟೆಕ್ಟರ್, ಇನ್ನೊಬ್ಬನ ಕೈಲಿ ಉದ್ದ ಸಲಾಕೆ. ಹೊಸ ಮಣ್ಣು ಕಂಡರೆ ನಿಲ್ಲಬೇಕು. ಸಗಣಿ ರಾಶಿ ನಿನ್ನೆ ಇಲ್ಲದ ಜಾಗದಲ್ಲಿ ಇವತ್ತು ಇದ್ದರೆ ನಿಲ್ಲಬೇಕು. ಮೋರಿ ಸಿಕ್ಕರೆ ಕೆಳಗೆ ಇಳಿದು ನೋಡಬೇಕು, ಅಲ್ಲೇ ಎಲ್‌ಟಿಟಿಇಯವರು, ಅಂದರೆ ಪ್ರತ್ಯೇಕ ತಮಿಳು ದೇಶಕ್ಕೆ ಹೋರಾಡುತ್ತಿದ್ದ ಹುಲಿಗಳು, ಡ್ರಮ್ಮು ತುಂಬ ಮದ್ದು ಇಡುತ್ತಿದ್ದರು, ತಂತಿ ಎಲ್ಲೋ ತೋಟದೊಳಗೆ ಹೋಗಿರುತ್ತಿತ್ತು. ಎರಡು ಕಿಲೋಮೀಟರ್ ಹೋಗೋಕೆ ಎಷ್ಟೋ ಸಲ ಮಧ್ಯಾಹ್ನ ಆಗುತ್ತಿತ್ತು. ಇಷ್ಟು ಮಾಡಿ ತೆರೆದ ರಸ್ತೆ ಸಂಜೆಗೆ ಮತ್ತೆ ಅವರದ್ದು. ಮಾರನೇ ದಿನ ಮತ್ತೆ ಶುರು.

ವಾಪಸಾಗುವಾಗ ಮೊದಲು ಹೊರಗಿನ ಸಣ್ಣ ಪೋಸ್ಟುಗಳನ್ನು ಎತ್ತಿದೆವು, ಅವರು ದೊಡ್ಡ ಕ್ಯಾಂಪಿಗೆ ಬಂದರು. ಆಮೇಲೆ ದೊಡ್ಡ ಕ್ಯಾಂಪು ಎತ್ತಿದೆವು. ಮರಳು ಚೀಲ ಬಿಚ್ಚಿ ಸುರಿಯೋದು, ಮುಳ್ಳುತಂತಿ ಸುತ್ತೋದು, ಬಂಕರಿಗೆ ಹಾಕಿದ್ದ ತಾಳೆ ದಿಮ್ಮಿ ಎಳೆದು ಗುಂಡಿ ಮುಚ್ಚೋದು, ನಾವೇ ಹುಗಿದ ಮೈನು ನಕ್ಷೆ ನೋಡಿ ಒಂದೊಂದಾಗಿ ತೆಗೆಯೋದು. ತೆಗೆದ ಲೆಕ್ಕ ಹುಗಿದ ಲೆಕ್ಕಕ್ಕೆ ಸರಿಹೋಗುವ ತನಕ ಕದಲುವ ಹಾಗಿಲ್ಲ. ಊರಿನವರು ಬೇಲಿ ಆಚೆ ನಿಂತು ಸುಮ್ನೆ ನೋಡುತ್ತಿದ್ದರು. ಯಾರೂ ಬೈಯಲಿಲ್ಲ, ಯಾರೂ ಕೈ ಬೀಸಲಿಲ್ಲ. ನಾವು ಬಿಟ್ಟ ಒಂದು ಜಾಗದಲ್ಲಿ ಅವತ್ತು ರಾತ್ರಿಯೇ ಗುಂಡಿನ ಸದ್ದು. ನಮ್ಮ ಮುಂದಿನ ಕ್ಯಾಂಪಿಗೆ ಕೇಳುವಷ್ಟು ಹತ್ತಿರ. ನಮಗೆ ಹೋಗೋಕೆ ಆರ್ಡರ್ ಇರಲಿಲ್ಲ.

ನಿಮ್ಮ ಚಿಕ್ಕಪ್ಪ ಬರೆದ ಆ ಹುಡುಗರನ್ನು ನಾನೂ ನೋಡಿದ್ದೇನೆ. ದೊಗಲೆ ಯೂನಿಫಾರಂ, ಹೊಸ ರೈಫಲ್. ತರಬೇತಿ ಕೆಲವೇ ವಾರ. ಎಷ್ಟೋ ಜನರನ್ನು ಬಸ್ಸಿನಿಂದ, ಟ್ಯೂಷನ್ನಿನಿಂದ ಹಿಡಿದು ತಂದದ್ದು. ರೈಫಲ್ ಬಿಚ್ಚಿ ಜೋಡಿಸೋದು ಹೇಳಿಕೊಟ್ಟಿದ್ದು ನಮ್ಮವರೇ.

ಮಂಡ್ಯದ_ಮೇಷ್ಟ್ರು ಉತ್ತರ:

ಸ್ಯಾಪರ್ ಅವರೇ, ನಿಮಗೆ ನಮಸ್ಕಾರ. ನಾನು ಓದಿ ತಿಳಿದವನು, ನೀವು ನಡೆದು ತಿಳಿದವರು. ರಾಜಕೀಯದ ಕಡೆ ಏನಾಯಿತು ಅಂತ ಮಾತ್ರ ಹೇಳುತ್ತೇನೆ.

ಹೋದದ್ದು ಯುದ್ಧಕ್ಕಲ್ಲ. 1987ರ ಜೂನ್ 4ರಂದು ಐದು ಎಎನ್-32 ವಿಮಾನಗಳು ಬೆಂಗಳೂರಿನಿಂದಲೇ ಹಾರಿ ಶ್ರೀಲಂಕಾ ತಮಿಳರ ಊರಾದ ಜಾಫ್ನಾ ಮೇಲೆ ಆಹಾರ ಮತ್ತು ಔಷಧಿ ಉದುರಿಸಿದವು. ಅವತ್ತು ಜಾಫ್ನಾ ಜನರಿಗೆ ನಾವು ದೇವರ ಹಾಗೆ. ಜುಲೈ 29ಕ್ಕೆ ಕೊಲಂಬೋದಲ್ಲಿ ರಾಜೀವ್ ಗಾಂಧಿ ಮತ್ತು ಶ್ರೀಲಂಕಾದ ಅಧ್ಯಕ್ಷ ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದರು, ಅದರಂತೆ ನಮ್ಮ ಸೈನ್ಯ ಶಾಂತಿಪಡೆಯಾಗಿ ಅಲ್ಲಿಗೆ ಹೋಯಿತು. ಮಾರನೇ ದಿನವೇ ಗೌರವ ವಂದನೆ ಸ್ವೀಕರಿಸುವಾಗ ಲಂಕಾ ನೌಕಾಪಡೆಯವನೊಬ್ಬ ಬಂದೂಕು ತಿರುಗಿಸಿ ರಾಜೀವ್ ಅವರಿಗೆ ಹೊಡೆದ. ಸಿಂಹಳದವರಿಗೆ ಈ ಸೈನ್ಯ ಎಷ್ಟು ಬೇಡವಾಗಿತ್ತು ಅನ್ನೋದು ಆ ಒಂದು ಏಟಿನಲ್ಲೇ ಗೊತ್ತಾಗುತ್ತದೆ. ದಕ್ಷಿಣದಲ್ಲಿ ಸಿಂಹಳ ಎಡಪಂಥೀಯ ಪಕ್ಷ ಜೆವಿಪಿಯವರು ನಮ್ಮವರನ್ನು ಕೋತಿ ಸೈನ್ಯ ಅಂತ ಕರೆದು ದಂಗೆ ಎಬ್ಬಿಸಿದರು. ಅಕ್ಟೋಬರ್ ಹೊತ್ತಿಗೆ ಎಲ್‌ಟಿಟಿಇ ಜೊತೆಗೇ ಯುದ್ಧ. ಜಾಫ್ನಾ ವಿಶ್ವವಿದ್ಯಾಲಯದ ಮೈದಾನದಲ್ಲಿ ರಾತ್ರಿ ಹೆಲಿಕಾಪ್ಟರಿನಿಂದ ಇಳಿದ ಸಿಖ್ ಲೈಟ್ ಇನ್‌ಫೆಂಟ್ರಿಯ ಮೂವತ್ತು ಜನರಲ್ಲಿ ಇಪ್ಪತ್ತೊಂಬತ್ತು ಜನ ಸತ್ತರು. ಉಳಿದವನು ಒಬ್ಬ, ಅವನೂ ಸೆರೆ.

ಕಾಯಲು ಹೋದ ತಮಿಳರ ಜೊತೆ ಯುದ್ಧ, ಯಾರ ಸರ್ಕಾರಕ್ಕಾಗಿ ಹೋರಾಡುತ್ತಿದ್ದೇವೋ ಆ ಸರ್ಕಾರಕ್ಕೇ ನಾವು ಬೇಡ, ತಮಿಳುನಾಡಿನಲ್ಲಿ ಕೋಪ, ದೆಹಲಿಯಲ್ಲಿ ವಿರೋಧ ಪಕ್ಷಗಳ ಗದ್ದಲ. ಹೀಗೆ ಯಾವ ಕಡೆಯಿಂದಲೂ ಬೇಡವಾದ ಯುದ್ಧ ನಮ್ಮ ದೇಶಕ್ಕೆ ಇನ್ನೊಂದಿಲ್ಲ.

1989ರ ಜನವರಿಯಲ್ಲಿ ಪ್ರೇಮದಾಸ ಶ್ರೀಲಂಕಾದ ಅಧ್ಯಕ್ಷರಾದರು. ಜೂನ್ 1ರಂದು ಸಭೆಯಲ್ಲೇ ಹೇಳಿಬಿಟ್ಟರು, ಜುಲೈ 29ರೊಳಗೆ ಭಾರತದ ಸೈನ್ಯ ಹೊರಡಬೇಕು ಅಂತ. ರಾಜೀವ್ ಅವರು ತಮಿಳರ ರಕ್ಷಣೆ ಮತ್ತು ಅಧಿಕಾರ ಹಂಚಿಕೆ ಆಗದೆ ಹೊರಡಲ್ಲ ಅಂದರು. ಕೊನೆಗೆ ಜುಲೈ 29ಕ್ಕೆ ಸರಿಯಾಗಿ ನೂರಾರು ಸೈನಿಕರನ್ನು ಮಾತ್ರ ಹಡಗು ಹತ್ತಿಸಿ ಇಬ್ಬರ ಮಾನವನ್ನೂ ಉಳಿಸಿಕೊಂಡರು. ಸೆಪ್ಟೆಂಬರ್ 18ಕ್ಕೆ ಹೊಸ ಒಪ್ಪಂದ ಆಯಿತು, ಡಿಸೆಂಬರ್ 31ಕ್ಕೆ ಎಲ್ಲ ಮುಗಿಯಬೇಕು ಅಂತ. ಅಷ್ಟರಲ್ಲಿ ಇಲ್ಲಿ ಚುನಾವಣೆ ನಡೆದು ವಿ.ಪಿ. ಸಿಂಗ್ ಬಂದರು. ಗಡುವು ಮಾರ್ಚ್ 31ಕ್ಕೆ ಹೋಯಿತು, 1990ರ ಮಾರ್ಚ್ 24ಕ್ಕೆ ಕೊನೆಯ ತುಕಡಿ ತ್ರಿಂಕೋಮಲಿ ಬಿಟ್ಟಿತು. ಎರಡು ವರ್ಷ ಎಂಟು ತಿಂಗಳು. ಸತ್ತವರು 1,100ಕ್ಕೂ ಹೆಚ್ಚು.

ಈಗ ನಿಮ್ಮ ಮುಖ್ಯ ಪ್ರಶ್ನೆ. 1988ರ ನವೆಂಬರಿನಲ್ಲಿ ಉತ್ತರ ಮತ್ತು ಪೂರ್ವ ಸೇರಿಸಿ ಪ್ರಾಂತೀಯ ಚುನಾವಣೆ ನಡೆಸಿದರು. ನಮ್ಮ ಬೆಂಬಲವಿದ್ದ, ಎಲ್‌ಟಿಟಿಇಗೆ ಎದುರಾಳಿಯಾದ ತಮಿಳು ಪಕ್ಷ ಇಪಿಆರ್‌ಎಲ್‌ಎಫ್‌ನ ವರದರಾಜ ಪೆರುಮಾಳ್ ಮುಖ್ಯಮಂತ್ರಿ. ನಾವು ಹೊರಡುವ ದಿನ ಹತ್ತಿರ ಬಂದ ಹಾಗೆ ಅವರಿಗೊಂದು ಪಡೆ ಬೇಕಾಯಿತು, ಅದೇ ತಮಿಳ್ ನ್ಯಾಷನಲ್ ಆರ್ಮಿ, ಟಿಎನ್‌ಎ. ಆ ಹುಡುಗ ಸೇರಿದ್ದು ಅದಕ್ಕೇ ಇರಬೇಕು. ಅದೇ ಹೊತ್ತಿಗೆ ಪ್ರೇಮದಾಸ ಸರ್ಕಾರ ಎಲ್‌ಟಿಟಿಇ ಜೊತೆ ಮಾತುಕತೆ ಶುರು ಮಾಡಿ, ನಮ್ಮ ಮೇಲೆ ಹೋರಾಡಲಿ ಅಂತ ಅವರಿಗೆ ಆಯುಧವನ್ನೂ ಕೊಟ್ಟಿತು. ನಾವು ಒಂದು ಜಿಲ್ಲೆ ಬಿಟ್ಟರೆ ಎಲ್‌ಟಿಟಿಇ ಆ ಜಿಲ್ಲೆಗೆ ಬಂತು. ಮೊದಲು ಅಂಪಾರೆ, ಆಮೇಲೆ ಬಟ್ಟಿಕಲೋವಾ. ಅಲ್ಲಿನ ಹುಡುಗರಲ್ಲಿ ಬಹಳ ಜನ ಸತ್ತರು, ಬಹಳ ಜನ ಶರಣಾದರು, ಕೆಲವರು ಯೂನಿಫಾರಂ ಬಿಸಾಕಿ ಓಡಿದರು. ಪೆರುಮಾಳ್ ಅವರನ್ನು ಭಾರತಕ್ಕೆ ಕರೆತಂದು ವರ್ಷಗಟ್ಟಲೆ ಕಾವಲಿನಲ್ಲಿ ಇಟ್ಟರು. ಹಡಗಿನಲ್ಲಿ ಬಂದ ಇಪಿಆರ್‌ಎಲ್‌ಎಫ್ ಕುಟುಂಬಗಳನ್ನು ತಮಿಳುನಾಡು ಬೇಡ ಅಂದಿತು. ಅವರನ್ನು ಒರಿಸ್ಸಾದ ಮಲ್ಕಾನ್‌ಗಿರಿ ಕಾಡಿನ ಶಿಬಿರಕ್ಕೆ ಕಳಿಸಿದರು. 1990ರ ಜೂನ್ 19ರಂದು ಆ ಪಕ್ಷದ ನಾಯಕ ಪದ್ಮನಾಭ ಅವರನ್ನು ಎಲ್‌ಟಿಟಿಇ ಮದ್ರಾಸಿನಲ್ಲೇ ಕೊಂದಿತು.

ಶರಾವತಿ_ಕಣಿವೆ ಉತ್ತರ:

ನನ್ನ ಅಭಿಪ್ರಾಯ ಬೇರೆ. ಬಂದದ್ದೇ ತಪ್ಪು. ಎಲ್‌ಟಿಟಿಇ ಆಗ ಮುಲ್ಲೈತೀವು ಕಾಡಿನೊಳಗೆ ಸಿಕ್ಕಿಬಿದ್ದಿತ್ತು. ಇನ್ನಾರು ತಿಂಗಳು ಕೊಟ್ಟಿದ್ದರೆ ಮುಗಿಸುತ್ತಿದ್ದೆವು ಅಂತ ಆಗಿನ ಅಧಿಕಾರಿಗಳೇ ಹೇಳಿದ್ದಾರೆ. ಆಗ ಮುಗಿಸಿದ್ದರೆ 1991ರಲ್ಲಿ ಶ್ರೀಪೆರಂಬುದೂರಿನಲ್ಲಿ ರಾಜೀವ್ ಹತ್ಯೆ ನಡೆಯುತ್ತಿತ್ತಾ? ಆಮೇಲೆ ಆ ಕೊಲೆಗಾರರು ಬೆಂಗಳೂರಿನ ಕೋಣನಕುಂಟೆಗೆ ಬಂದು ಅಡಗುತ್ತಿದ್ದರಾ? ನಮ್ಮ ಮಾವನ ಮನೆ ಆಗ ಅಲ್ಲೇ ಹತ್ತಿರ ಇತ್ತು. ಪೊಲೀಸರು ಅವರ ಅಡಗುತಾಣ ಸುತ್ತುವರಿದಿದ್ದ ಆಗಸ್ಟಿನ ಆ ರಾತ್ರಿ ಇಡೀ ಬೀದಿ ದೀಪ ಆರಿಸಿಕೊಂಡು ಕೂತಿತ್ತು, ಮಕ್ಕಳನ್ನು ಮಂಚದ ಕೆಳಗೆ ಮಲಗಿಸಿದ್ದರಂತೆ. ಅರ್ಧಕ್ಕೆ ಬಿಟ್ಟ ಕೆಲಸ ಮನೆ ಬಾಗಿಲಿಗೇ ಬಂತು, ಅಲ್ವಾ?

ಸ್ಕಾರ್ಬರೋ_ಕನ್ನಡತಿ ಉತ್ತರ:

ನಾನು ಟೊರಾಂಟೊ ಹತ್ತಿರ ಇದ್ದೇನೆ. ಇಲ್ಲಿ ನಮ್ಮ ಸುತ್ತಮುತ್ತ ಜಾಫ್ನಾ ತಮಿಳರೇ ಜಾಸ್ತಿ. ಪಕ್ಕದ ಮನೆ ಅಕ್ಕ ನನಗೆ ಬಾಣಂತನ ಮಾಡಿದವರು. ನಾನು ಬೆಂಗಳೂರಿನವಳು ಅಂತ ಗೊತ್ತಾದ ಮೇಲೂ ಎರಡು ವರ್ಷ ಅವರು ಈ ವಿಷಯ ಎತ್ತಲಿಲ್ಲ. ಒಂದು ದಿನ ಇಡಿಯಪ್ಪಂ ಒತ್ತುತ್ತಾ ಕೂತಿದ್ದಾಗ ತಾವಾಗಿ ಹೇಳಿದರು.

1987ರಲ್ಲಿ ನಿಮ್ಮ ಲಾರಿಗಳು ಬಂದಾಗ ನಾನು ಹೂವಿನ ಹಾರ ಹಿಡಿದು ನಿಂತಿದ್ದೆ ಅಂದರು. ಅಕ್ಟೋಬರಿನಲ್ಲಿ ಜಾಫ್ನಾ ಆಸ್ಪತ್ರೆಯೊಳಗೆ ನಿಮ್ಮ ಸೈನ್ಯ ನುಗ್ಗಿದಾಗ ಅಲ್ಲಿದ್ದ ಒಬ್ಬ ನರ್ಸ್ ನನ್ನ ಗೆಳತಿ ಅಂದರು. ಅಷ್ಟೇ ಹೇಳಿ ಹಿಟ್ಟಿಗೆ ನೀರು ಹಾಕಿಕೊಂಡರು. ಆ ದಿನ ಡಾಕ್ಟರು, ನರ್ಸು, ರೋಗಿಗಳು ಸೇರಿ ಅರವತ್ತಕ್ಕೂ ಹೆಚ್ಚು ಜನ ಸತ್ತರು. ಅಲ್ಲಿನವರು ನಮ್ಮ ಶಾಂತಿಪಡೆಗೆ ಮುಗ್ಧರನ್ನು ಕೊಲ್ಲುವ ಪಡೆ ಅಂತ ಹೆಸರಿಟ್ಟದ್ದು ಸುಮ್ನೆ ಅಲ್ಲ.

ಶರಾವತಿ ಅವರೇ, ಇನ್ನಾರು ತಿಂಗಳು ಅನ್ನುವಾಗ ಆ ಆರು ತಿಂಗಳು ಯಾರ ಮನೆ ಅಂಗಳದಲ್ಲಿ ಅಂತಲೂ ಯೋಚಿಸಿ. ವಾಪಸಾತಿ ಶುರುವಾಯಿತು ಅಂತ ಜುಲೈ 29ಕ್ಕೆ ಹಡಗು ಹತ್ತಿಸಿದರಲ್ಲ, ಅದಾಗಿ ನಾಲ್ಕೇ ದಿನಕ್ಕೆ, ಆಗಸ್ಟ್ 2ರಂದು, ವಲ್ವೆಟ್ಟಿತುರೈ ಊರಿನಲ್ಲಿ ಎಲ್‌ಟಿಟಿಇ ನಮ್ಮ ಆರು ಸೈನಿಕರನ್ನು ಕೊಂದಿತು. ಅದಕ್ಕೆ ಊರಿನ ಐವತ್ತಕ್ಕೂ ಹೆಚ್ಚು ಜನ ಜೀವ ತೆತ್ತರು. ಹೊರಟು ನಿಂತ ಸೈನ್ಯ. ಸೈನಿಕನಿಗೆ ಮನೆ ಮುಟ್ಟಿದರೆ ಸಾಕು ಅನ್ನುವ ಆತಂಕ, ಊರಿನವರಿಗೆ ಇವರು ಹೋದ ಮೇಲೆ ಬರುವವರ ಭಯ. ಆ ಎಂಟು ತಿಂಗಳು ಎಲ್ಲದಕ್ಕಿಂತ ಕೆಟ್ಟದ್ದು ಅಂತ ಅಕ್ಕ ಹೇಳುತ್ತಾರೆ. ಅವರ ತಮ್ಮನನ್ನು ಟಿಎನ್‌ಎಯವರು ಹಿಡಿಯಬಾರದು ಅಂತ ತಾಯಿ ಅವನಿಗೆ ಸೀರೆ ಉಡಿಸಿ ಅಡುಗೆಮನೆಯಲ್ಲಿ ಕೂರಿಸುತ್ತಿದ್ದರಂತೆ. ಅವನು ಬದುಕಿದ. ಈಗ ಇಲ್ಲೇ ಟ್ರಕ್ ಓಡಿಸುತ್ತಾನೆ.

ಮಂಡ್ಯದ_ಮೇಷ್ಟ್ರು ಮತ್ತೆ:

ಸ್ಕಾರ್ಬರೋ ಅವರು ಹೇಳಿದ್ದಕ್ಕೆ ನಾನು ಏನನ್ನೂ ಸೇರಿಸಲಾರೆ. ಶರಾವತಿ ಅವರಿಗೆ ಮಾತ್ರ ಒಂದು ಮಾತು.

ಅದೇ ವರ್ಷಗಳಲ್ಲಿ ಸೋವಿಯತ್ ಸೈನ್ಯವೂ ಅಫ್ಘಾನಿಸ್ತಾನದಿಂದ ಹಂತ ಹಂತವಾಗಿ ಹೊರಟಿತ್ತು. 1988ರ ಮೇ 15ಕ್ಕೆ ಶುರು, 1989ರ ಫೆಬ್ರವರಿ 15ಕ್ಕೆ ಮುಗಿಯಿತು. ಹಿಂದೆ ಬಿಟ್ಟ ನಜೀಬುಲ್ಲಾ ಸರ್ಕಾರ ವಾರದಲ್ಲೇ ಬೀಳುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದರು. ಮೂರು ವರ್ಷ ನಿಂತಿತು. ಯಾಕೆಂದರೆ ಸೈನ್ಯ ಹೋದರೂ ಗೋಧಿ, ಪೆಟ್ರೋಲು, ಮದ್ದುಗುಂಡು ಬರುತ್ತಿತ್ತು. ಸೋವಿಯತ್ ಒಕ್ಕೂಟವೇ ಇಲ್ಲವಾಗಿ ಅದು ನಿಂತಾಗ, 1992ರ ಏಪ್ರಿಲಿನಲ್ಲಿ ಬಿತ್ತು. ವಿಯೆಟ್ನಾಮಿನಲ್ಲೂ ಅಷ್ಟೆ. 1969ರಲ್ಲಿ 5,43,000 ಇದ್ದ ಅಮೆರಿಕದ ಸೈನಿಕರನ್ನು ನಿಕ್ಸನ್ ಇಪ್ಪತ್ತೈದು ಸಾವಿರದ ಮೊದಲ ಕಂತಿನಿಂದ ಶುರು ಮಾಡಿ ನಾಲ್ಕು ವರ್ಷದಲ್ಲಿ ಇಳಿಸಿದರು. ಅವರು ಹಿಂದೆ ಬಿಟ್ಟ ದಕ್ಷಿಣ ವಿಯೆಟ್ನಾಮಿನ ರಾಜಧಾನಿ ಸೈಗಾನ್ ಬಿದ್ದದ್ದು 1975ರ ಏಪ್ರಿಲ್ 30ಕ್ಕೆ, ಅಮೆರಿಕದ ಸಂಸತ್ತು ನೆರವನ್ನು ಕಡಿದ ಮೇಲೆ.

ಪೆರುಮಾಳ್ ಸರ್ಕಾರಕ್ಕೆ ಆ ಮೂರು ವರ್ಷ ಇರಲಿ, ಮೂರು ವಾರವೂ ಸಿಗಲಿಲ್ಲ. ಅವರಿಗೆ ಸ್ವಂತ ದೇಶವಿಲ್ಲ, ಸ್ವಂತ ಖಜಾನೆಯಿಲ್ಲ, ಅವರ ಮೇಲಿದ್ದ ಕೊಲಂಬೋ ಸರ್ಕಾರವೇ ಅವರ ವೈರಿಗೆ ಬಂದೂಕು ಕೊಡುತ್ತಿತ್ತು. ಇದು ದೆಹಲಿಗೆ 1989ರ ಜೂನಿನಲ್ಲೇ ಗೊತ್ತಿತ್ತು. ಗೊತ್ತಿದ್ದೂ ಹುಡುಗರ ಕೈಗೆ ರೈಫಲ್ ಬಂತು. ನನಗೆ ಹೊಟ್ಟೆ ಉರಿಯೋದು ಅದಕ್ಕೆ. ಸೈನ್ಯ ವಾಪಸ್ ಕರೆಸಿದ್ದು ಸರಿಯೇ, ಇನ್ನೂ ಬೇಗ ಕರೆಸಬೇಕಿತ್ತು. ಆದರೆ ಸೈನಿಕರು ಯಾವ ತಾರೀಖಿಗೆ ಹೊರಡಬೇಕು ಅಂತ ಎರಡು ಸರ್ಕಾರಗಳು ಪತ್ರದ ಮೇಲೆ ಪತ್ರ ಬರೆದವು. ನಮ್ಮ ಮಾತು ನಂಬಿ ಬಂದೂಕು ಹಿಡಿದವರು ಎಲ್ಲಿಗೆ ಹೋಗಬೇಕು ಅನ್ನೋದಕ್ಕೆ ಹಾಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಸಾವಿರಾರು ಹುಡುಗರನ್ನು ನಮ್ಮ ಸೈನಿಕರ ಜೊತೆಯಲ್ಲೇ ಹಡಗು ಹತ್ತಿಸಬಹುದಿತ್ತು. ಇಲ್ಲಾ, ಅವರಿಗೆ ಬಂದೂಕನ್ನೇ ಕೊಡದೆ ಇರಬಹುದಿತ್ತು. ಅವರ ಅಮ್ಮಂದಿರ ಹತ್ತಿರ ಬಿಟ್ಟುಬಿಡಬಹುದಿತ್ತು.

ಹಳೇ_ಸ್ಯಾಪರ್ ಮತ್ತೆ:

ಶರಾವತಿ ಅವರ ಮಾತು ನಮ್ಮ ಊಟದ ಲಂಗರಿನಲ್ಲೂ ದಿನಾ ಕೇಳುತ್ತಿತ್ತು. ನಾನೂ ಆಗ ಹಾಗೇ ಅನ್ನುತ್ತಿದ್ದೆ. ಈಗ ಅನ್ನಲ್ಲ. ಕಾಡಿನಲ್ಲಿ ಅವರನ್ನು ಹಿಡಿಯೋದು ಅಂದರೆ ಏನು ಅಂತ ಕಾಡಿಗೆ ಹೋದವರಿಗೆ ಗೊತ್ತು.

ಸ್ಕಾರ್ಬರೋ ತಂಗಿ, ಆಸ್ಪತ್ರೆ ವಿಷಯ ನಿಜ. ನಾನು ಅಲ್ಲಿರಲಿಲ್ಲ, ಆದರೆ ನನ್ನದೇ ಸೈನ್ಯ. ನಿಮ್ಮ ಅಕ್ಕನಿಗೆ ನನ್ನ ಕಡೆಯಿಂದ ಕೈಮುಗಿದೆ ಅಂತ ಹೇಳಿ. ಅವರು ಬೇಡ ಅಂದರೂ ಪರವಾಗಿಲ್ಲ.

ವಾಪಸ್ ಬಂದ ದಿನದ್ದು ಇನ್ನೊಂದು ಮಾತು. ಮದ್ರಾಸಿನಲ್ಲಿ ಇಳಿದೆವು. ಮುಖ್ಯಮಂತ್ರಿ ಕರುಣಾನಿಧಿಯವರು ಸ್ವಾಗತಕ್ಕೆ ಬರಲ್ಲ ಅಂದಿದ್ದು ಪೇಪರಿನಲ್ಲೇ ಬಂದಿತ್ತು, ತಮಿಳರನ್ನು ಕೊಂದ ಸೈನ್ಯವನ್ನು ಹೇಗೆ ಸ್ವಾಗತಿಸಲಿ ಅಂತ. ಆಗ ಬಹಳ ಸಿಟ್ಟು ಬಂದಿತ್ತು. ನಮ್ಮ ಗುಂಪಿನಲ್ಲೇ ತಮಿಳು ಹುಡುಗರಿದ್ದರು, ಅವರು ಬಂದರಿನಲ್ಲಿ ತಲೆ ಎತ್ತಲಿಲ್ಲ. ಪರಮವೀರ ಚಕ್ರ ಪಡೆದ ಮೇಜರ್ ರಾಮಸ್ವಾಮಿ ಪರಮೇಶ್ವರನ್ ಕೂಡ ತಮಿಳರೇ. ಎದೆಗೆ ಗುಂಡು ಬಿದ್ದ ಮೇಲೂ ಹೊಡೆದವನ ರೈಫಲ್ ಕಿತ್ತುಕೊಂಡವರು. ನಮಗೊಂದು ಸ್ಮಾರಕ ಕಟ್ಟಿದ್ದು ಶ್ರೀಲಂಕಾ ಸರ್ಕಾರ, ಅವರ ಪಾರ್ಲಿಮೆಂಟಿನ ಹತ್ತಿರ, ಸತ್ತವರ ಹೆಸರು ಕೆತ್ತಿಸಿ. 2015ರಲ್ಲಿ ಪ್ರಧಾನಿ ಮೋದಿ ಅಲ್ಲಿಗೆ ಹೋಗಿ ಗೌರವ ಸಲ್ಲಿಸಿದ್ದನ್ನು ಟಿವಿಯಲ್ಲಿ ನೋಡಿದೆ. ಆ ಗೋಡೆಯ ಮೇಲೆ ನನ್ನ ಸೆಕ್ಷನ್ನಿನ ಇಬ್ಬರಿದ್ದಾರೆ. ಕ್ಯಾಮೆರಾ ಅಲ್ಲಿ ನಿಲ್ಲುತ್ತದೇನೋ ಅಂತ ಕಾಯುತ್ತಾ ಕೂತಿದ್ದೆ.

ಹಾರಂಗಿ_ದಂಡೆ ಮತ್ತೆ:

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಿಲ್ಲ. ನಿನ್ನೆ ಸಂಜೆ ಧೈರ್ಯ ಮಾಡಿ ಚಿಕ್ಕಪ್ಪನ ಪಕ್ಕ ಕೂತು ನೀವು ಬರೆದದ್ದನ್ನೆಲ್ಲ ಓದಿ ಹೇಳಿದೆ. ಸ್ಯಾಪರ್ ಅವರೇ, ಒತ್ತಾಯ ಮಾಡಲಿಲ್ಲ, ಓದಿದೆ ಅಷ್ಟೆ. ಮೋರಿ ಕೆಳಗೆ ಇಳಿದು ನೋಡುವ ಮಾತು ಬಂದಾಗ ತಲೆ ಆಡಿಸಿದರು. ಆಸ್ಪತ್ರೆ ಭಾಗ ಬಂದಾಗ ಎದ್ದು ಹೋಗಿ ಹಸುವಿಗೆ ಹುಲ್ಲು ಹಾಕಿ ಬಂದರು. ವಾಪಸ್ ಬಂದು, ಓದು, ನಿಲ್ಲಿಸಬೇಡ ಅಂದರು.

ಮುಗಿದ ಮೇಲೆ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಚಹಾ ಅಂಗಡಿಯ ಹೆಂಗಸಿನ ವಿಷಯ ಹೇಳಿದರು. ಹೊರಡುವ ಹಿಂದಿನ ದಿನ ಅವಳು ಒಂದು ಫೋಟೋ ತಂದು ಕೊಟ್ಟಳಂತೆ, ಮಗನದ್ದು, ಶಾಲೆಯ ಬಿಳಿ ಅಂಗಿಯಲ್ಲಿರುವುದು. ಹಡಗು ಹತ್ತುವಾಗ ಇವನು ಸಿಕ್ಕರೆ ನಿಮ್ಮ ಜೊತೆ ಕರೆದುಕೊಂಡು ಹೋಗಿ ಅಂದಳಂತೆ. ಇವರು ತ್ರಿಂಕೋಮಲಿ ಬಂದರಿನಲ್ಲಿ ಎರಡು ದಿನ ಹಡಗಿಗೆ ಕಾದರು. ಆ ಎರಡೂ ದಿನ ಆ ಫೋಟೋ ಹಿಡಿದು ಕಂಡಕಂಡ ಹುಡುಗರ ಮುಖ ನೋಡಿದ್ದಾರೆ. ಟ್ರಂಕಿನಲ್ಲಿ ಫೋಟೋ ಇರಲಿಲ್ಲ. ಎಲ್ಲಿದೆ ಅಂತ ನಾನು ಕೇಳಲಿಲ್ಲ. ಅವರೇ ಎದ್ದು ಹೋಗಿ, ಗೋಡೆಯ ಮೇಲಿನ ಅಜ್ಜಿ ಫೋಟೋ ಇಳಿಸಿ, ಹಿಂದಿನ ರಟ್ಟು ಬಿಚ್ಚಿ ತೆಗೆದರು.

ಸ್ಯಾಪರ್ ಅವರೇ, ಚಿಕ್ಕಪ್ಪ ನಿಮ್ಮನ್ನು ಒಂದು ಮಾತು ಕೇಳು ಅಂದಿದ್ದಾರೆ. ನೀವು ಬಟ್ಟಿಕಲೋವಾದಲ್ಲಿ ಕಲ್ಲಡಿ ಸೇತುವೆಯ ಯಾವ ಕಡೆ ಇದ್ದಿರಿ? ಸಮುದ್ರದ ಕಡೆ ಇದ್ದರೆ ಆ ಅಂಗಡಿ ನೋಡಿರಬೇಕು ಅಂತಾರೆ. ತಗಡಿನ ಮಾಡು, ಮುಂದೆ ಒಂದು ಬೇವಿನ ಮರ.